ಲಿವಿಯಾಳ ಅಂಜೂರ, ನನ್ನ ಪಾಯಸ

ಸಂಶಯ ನನಗೆ ಬಿಪಿಗಿಂತ ಹಳೆಯದು. ಹಾಲಿನವನು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎಂದುಕೊಳ್ಳುತ್ತೇನೆ. ನಗದಿದ್ದರೆ ಜಾಸ್ತಿಯೇ ಬಿದ್ದಿದೆ ಎಂದುಕೊಳ್ಳುತ್ತೇನೆ. ನನ್ನ ನೆನಪಿನ ಮೇಲೂ ಭರವಸೆಯಿಲ್ಲ. ಯಾವುದಾದರೂ ಹಳೆಯ ಪ್ರಸಂಗ ಹೊಲಿಗೆ ಬಿಡದೆ ನೆನಪಾದರೆ, ಹೊಲಿದವಳು ನಾನೇ ಎಂದು ಖಾತ್ರಿ.

ಹೀಗಿರುವಾಗ ಬಸವಕಲ್ಯಾಣದಿಂದ ತಮ್ಮನ ಹೆಂಡತಿ ಸುವರ್ಣಾಳ ಫೋನು ಬಂತು. ಗುರುವಾರ ಮಗಳನ್ನು ತೊಟ್ಟಿಲಿಗೆ ಹಾಕುತ್ತಾರೆ; ಸೋದರತ್ತೆಯಾದ ನಾನು ಹುಮನಾಬಾದಿನಿಂದ ಬಂದು ಕಿವಿಯಲ್ಲಿ ಹೆಸರು ಹೇಳಬೇಕು.

“ಲಿವಿಯಾ ಅಂತ ಆರಿಸೀವ್ರಿ ಅಕ್ಕಾರ. ಲ್ಯಾಟಿನ್ ಹೆಸರು, ರಾಣೀದು.”

“ಮತ್ತ ಅವ್ವನ ಹೆಸರ?”

“ಅದನ್ನ ಯಾರ ಹೇಳಿದ್ರಿ?”

ಹೆಣ್ಣಾದರೆ ಅವ್ವನ ಹೆಸರು, ಗುರುಬಾಯಿ ಎಂದೇ ಇಡುವುದಾಗಿ ತಮ್ಮ ಶಿವು ಆಸ್ಪತ್ರೆಯ ಬಾಗಿಲಲ್ಲಿ ಹೇಳಿದ್ದ. ಅಥವಾ ನಾನು ಹೇಳಿದ್ದೆ, ಅವನು ಕೆಮ್ಮಿದ್ದ. ಏನೇ ಇರಲಿ, ಹೆಸರು ಹೇಳುವ ಬಾಯಿ ನನ್ನದು. ಆ ಗದ್ದಲದಲ್ಲಿ ಕಿವಿಗೆ ಗುರುಬಾಯಿ ಎಂದುಬಿಟ್ಟರೆ ಯಾರು ಹಿಡಿದಾರು?

ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಲಿವಿಯಾಳ ಜಾತಕ ತೆಗೆದೆ. ರೋಮಿನ ಲಿವಿಯಸ್ ಎಂಬ ಮನೆತನದ ಹೆಣ್ಣುಮಕ್ಕಳ ಹೆಸರಂತೆ. ಅದರ ಮೂಲ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನೀಲಿ ಛಾಯೆ ಎಂಬ ಅರ್ಥದ್ದಿರಬಹುದಂತೆ. ಮೂಲವೇ ಗೊತ್ತಿಲ್ಲದ ಮನೆತನ! ಮುಂದೆ ಓದಿದರೆ, ಹೆಸರುವಾಸಿಯಾದ ಲಿವಿಯಾ ಮೊದಲ ಚಕ್ರವರ್ತಿಯ ಹೆಂಡತಿ. ಗಿಡದಲ್ಲಿದ್ದ ಅಂಜೂರಕ್ಕೇ ವಿಷ ಸವರಿ ಗಂಡನನ್ನು ಕೊಂದಳೆಂಬ ಗುಮಾನಿ. ಅದೇ ಹೆಸರಿನ ಮೊಮ್ಮಗಳ ಮೇಲೂ ಗಂಡನಿಗೆ ವಿಷವಿಕ್ಕಿದ ಆರೋಪ. ಬಸ್ಸು ರಾಜೇಶ್ವರ ದಾಟುವಷ್ಟರಲ್ಲಿ ನನಗೆ ಹೇಳಲಾರದಷ್ಟು ಖುಷಿಯಾಗಿತ್ತು.

ತಮ್ಮನ ಮನೆ ಮುಟ್ಟಿದವಳೇ ಅಡುಗೆಮನೆಗೆ ನುಗ್ಗಿ ಎಲ್ಲವನ್ನೂ ಒದರಿದೆ. ಸುವರ್ಣಾ ಕಡಲೆ ಹುಸುಲಿಗೆ ಒಗ್ಗರಣೆ ಕೊಡುತ್ತ ಕೇಳಿದಳು: “ಸವರಿದ್ದ ಕಂಡವ್ರ ಯಾರ್ರಿ?”

“ಬರದಾರಲ್ಲ!”

“ಯಾವಾಗ ಬರದಾರ?”

ಆಕೆ ಸತ್ತು ಎಷ್ಟೋ ತಲೆಮಾರು ಕಳೆದ ಮೇಲೆ. ಆ ಸಾಲನ್ನೂ ಓದಿದ್ದೆ, ಒದರುವಾಗ ಮಾತ್ರ ಬಿಟ್ಟಿದ್ದೆ.

“ಈ ಮನಿ ವಾಸ್ತುಶಾಂತಿ ದಿನ ನಿಮ್ಮ ಶ್ಯಾವಿಗಿ ಪಾಯಸ ಉಂಡು ಹನ್ನೊಂದ ಮಂದಿ ವಾಂತಿ ಮಾಡ್ಕೊಂಡು ಮಲಗಿದ್ರಂತ. ಅಕ್ಕಾರ ಪಾಯಸ ಅಂದ್ರ ಓಣಿ ಮಂದಿ ಇನ್ನಾ ಅಂಜ್ತಾರ. ಖರೆ ಏನ್ರಿ?”

“ಪಾಯಸ ಅಲ್ಲವ್ವಾ, ಅದು ಟ್ಯಾಂಕಿ ನೀರ! ನಾ ನೂರ ಸರ್ತಿ ಹೇಳೀನಿ.”

“ಲಿವಿಯಾನೂ ಹೇಳಿದ್ಲೇನೋ ಪಾಪ. ಕೇಳವ್ರ ಯಾರ್ರಿ?”

ಎರಡು ಸಾವಿರ ವರ್ಷದ ಹಿಂದಿನ ಆ ಹೆಂಗಸಿನ ಮೇಲೆ ನನಗೆ ಏಕಾಏಕಿ ಅಕ್ಕರೆ ಉಕ್ಕಿತು. ಹನ್ನೊಂದು ಮಂದಿ, ಒಂದು ಬೋಗುಣಿ ಪಾಯಸ. ಇಷ್ಟಕ್ಕೇ ಓಣಿಯಲ್ಲಿ ನನ್ನ ಚರಿತ್ರೆ ಬರೆದು ಮುಗಿದಿರುವಾಗ, ಆಕೆಯದು ಏನಾಗಿರಬೇಡ!

ತೊಟ್ಟಿಲಿಗೆ ಬಗ್ಗಿದೆ. ಸೋದರತ್ತೆ ‘ಕುರ್ರ್’ ಎಂದು ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಓಣಿಯವರು ಪಾಯಸದ ಲೆಕ್ಕವನ್ನೂ ಸೇರಿಸಿಯೇ ಗುದ್ದಿದರು. ಸುವರ್ಣಾ ಮಾತ್ರ ಗುದ್ದಲಿಲ್ಲ. ನನ್ನ ತುಟಿಯನ್ನೇ ದಿಟ್ಟಿಸುತ್ತಿದ್ದಳು. ಅವ್ವನ ಹೆಸರು ಬಾಯಿತನಕ ಬಂತು. ಮಗು ನನ್ನ ಬೆರಳು ಹಿಡಿದುಕೊಂಡಿತು. “ಲಿವಿಯಾ” ಎಂದೆ. ಹಾಗಂತ ನೆನಪು.

ಸುವರ್ಣಾಳ ಮುಖ ಅರಳಿತು. ಒಳಗೆ ಹೋದವಳು ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಅಂಜೂರ.

“ಬಾಯಿ ಸಿಹಿ ಮಾಡ್ಕೋರಿ ಅಕ್ಕಾರ.”

ಲಿವಿಯಾ ನಿರಪರಾಧಿ ಎಂದು ಈಗ ತಾನೇ ಮನಸಾರೆ ತೀರ್ಪು ಕೊಟ್ಟಿದ್ದೆ. ಆದರೂ ಮೊದಲ ಹಣ್ಣನ್ನು ಶಿವುವಿನ ಬಾಯಿಗಿಟ್ಟು, ಅವನು ನುಂಗಿ ಎರಡು ಮಾತಾಡುವವರೆಗೆ ಕಾದು, ಆಮೇಲೆಯೇ ನಾನೊಂದು ತಿಂದೆ.