ಹನ್ನೆರಡು ಪೆಟ್ಟಿಗೆಗಳ ಕಾವಲು

ನಾಳೆಯಿಂದ ಮೂರು ದಿನ ಚೆನ್ನೈಯಲ್ಲಿ ಜಡಿಮಳೆ ಎಂದು ಟೀವಿಯಲ್ಲಿ ಹೇಳಿದ್ದೇ ತಡ, ಶ್ರೀನಾಥ್ ಅರ್ಧ ತಿಂದ ಇಡ್ಲಿ ಬಿಟ್ಟು ಎದ್ದ.

"ಎಲ್ಲಿಗ್ರೀ?" ಎಂದಳು ಹೆಂಡತಿ ರಚನಾ.

"ಬೇಸ್‌ಮೆಂಟಿಗೆ. ಪೆಟ್ಟಿಗೆಗಳನ್ನ ಇನ್ನೊಂದು ಇಟ್ಟಿಗೆಯಷ್ಟು ಮೇಲಕ್ಕೆತ್ತಬೇಕು."

ಅವರು ಮೈಸೂರು ಬಿಟ್ಟು ಮೈಲಾಪೂರಿನ ಈ ಅಪಾರ್ಟ್‌ಮೆಂಟಿಗೆ ಬಂದು ನಾಲ್ಕು ವರ್ಷವಾಗಿತ್ತು. ಅಲ್ಲಿನ ದೊಡ್ಡ ಮನೆಯ ಸಾಮಾನು ಇಲ್ಲಿನ ಎರಡು ಕೋಣೆಗೆ ಹಿಡಿಸಲಿಲ್ಲ. ಬೇಸ್‌ಮೆಂಟಿನಲ್ಲಿ ಫ್ಲಾಟಿಗೊಂದರಂತೆ ಕಬ್ಬಿಣದ ಜಾಲರಿಯ ಗೂಡುಗಳಿದ್ದವು. ಲಾರಿಯವರು ಹನ್ನೆರಡು ರಟ್ಟಿನ ಪೆಟ್ಟಿಗೆಗಳನ್ನು ಅಂಥದೊಂದು ಗೂಡಿನಲ್ಲಿ ಇಳಿಸಿ ಹೋಗಿದ್ದರು. ಅವನ್ನು ಶ್ರೀನಾಥ್ ಒಮ್ಮೆಯೂ ಬಿಚ್ಚಿರಲಿಲ್ಲ, ಆದರೆ ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಂಡಿದ್ದ. ಕೆಳಗೆ ಇಟ್ಟಿಗೆ, ಅದರ ಮೇಲೆ ಹಲಗೆ, ಮೇಲೆ ಟಾರ್ಪಾಲು, ಸಂದಿಗೊಂದಿಗೆಲ್ಲ ನುಸಿಗುಳಿಗೆ. ತಿಂಗಳಿಗೊಮ್ಮೆ ಹೋಗಿ, ಜ್ವರ ನೋಡುವಂತೆ ಒಂದೊಂದನ್ನೂ ಮುಟ್ಟಿ, ಮೂಸಿ ಬರುತ್ತಿದ್ದ.

"ಒಳಗೇನಿದೆ ಅಂತ ನೆನಪಾದ್ರೂ ಇದ್ಯಾ?"

"ನಿಮ್ಮಮ್ಮ ಕೊಟ್ಟ ಪಟ್ಟದ ಗೊಂಬೆ ಇದೆಯಲ್ಲ, ಸಾಕು."

ರಚನಾ ಅವನ ತಟ್ಟೆ ಎತ್ತಿಕೊಂಡಳು. ಗೊಂಬೆ ಕೂರಿಸಲು ಜಾಗವಿಲ್ಲದ ಈ ಮನೆಯಲ್ಲಿ ಪ್ರತಿ ದಸರೆಗೂ ಅವಳು ನೆನೆಸಿಕೊಳ್ಳುತ್ತಿದ್ದುದು ಅದೊಂದನ್ನೇ.

ಶ್ರೀನಾಥ್ ಇಟ್ಟಿಗೆ ಹೊತ್ತು ಏದುಸಿರು ಬಿಡುತ್ತಿದ್ದಾಗ ಅಸೋಸಿಯೇಷನ್ನಿನ ಕಾರ್ಯದರ್ಶಿ ಕಾಂತಪ್ಪ ಬಂದರು. ಉಡುಪಿ ಕಡೆಯವರು, ಚೆನ್ನೈಗೆ ಬಂದು ನಲವತ್ತು ವರ್ಷ, ಮಾತಿಗೆ ತಮಿಳು ಅಂಟಿತ್ತು.

"ಎನ್ನ ಶ್ರೀನಾಥ್ ಸಾರ್, ಬ್ಯಾಂಕಿನ ಲಾಕರಿಗೂ ಇಷ್ಟು ಬಂದೋಬಸ್ತ್ ಇಲ್ಲ. ಒಳಗೆ ಎಂತ ಉಂಟು?"

"ಮನೆ ಸಾಮಾನು ಸಾರ್, ಅಷ್ಟೇ."

"ಬರೀ ಮನೆ ಸಾಮಾನಿಗೆ ಇಷ್ಟು ನುಸಿಗುಳಿಗೆಯಾ ಮಾರಾಯ್ರೆ!"

ಕಾಂತಪ್ಪನವರು ಲಿಫ್ಟಿನಲ್ಲಿ ಒಬ್ಬರೇ ಮೇಲೆ ಹೋದರು. ಲಿಫ್ಟು ಕೆಳಗೆ ಬಂದಾಗ ಅದರಲ್ಲಿ ಐದು ಜನರಿದ್ದರು. ಮೊದಲ ಮಹಡಿಯ ವಾಸಂತಿ ಟಾರ್ಪಾಲಿನ ಹತ್ತಿರ ಮೂಗು ತಂದು, "ಶ್ರೀಗಂಧ ಇರ್ಬೇಕು, ಮೈಸೂರಿನೋರಲ್ವಾ!" ಎಂದರು. ಇನ್ನೊಬ್ಬರಿಗೆ ಬೆಳ್ಳಿಯ ಗುಮಾನಿ. ಗಲಾಟೆ ಕೇಳಿ ರಚನಾಳೂ ಇಳಿದು ಬಂದಳು.

ನಾಚಿಕೆಯಿಂದ ಕೆಂಪಾದ ಶ್ರೀನಾಥ್ ಅವಸರದಲ್ಲಿ ಒಂದು ಪೆಟ್ಟಿಗೆ ಎತ್ತಿದ. ಅದರ ತಳ ಕಿತ್ತುಹೋಗಿ, ದಪ್ಪನೆಯ ಆಲ್ಬಮ್ಮೊಂದು ರಚನಾಳ ಕಾಲ ಬುಡದಲ್ಲೇ ಧೊಪ್ಪನೆ ಬಿತ್ತು. ಮುಖಪುಟದಲ್ಲಿ ಮಲ್ಲಿಗೆ ದಂಡೆ ಮುಡಿದ, ಬಳುಕುವ ಬಳ್ಳಿಯಂಥ ಒಬ್ಬ ಮದುಮಗಳು.

"ಯಾರ್ರೀ ಇವಳು?" ರಚನಾಳ ದನಿ ತಣ್ಣಗಿತ್ತು.

"ನಂಗೊತ್ತಿಲ್ಲ ಕಣೆ!"

"ನಾಲ್ಕು ವರ್ಷದಿಂದ ಟಾರ್ಪಾಲು ಹೊದಿಸಿ ಕಾದಿದ್ದು ಇವಳನ್ನಾ?"

ಕಾಂತಪ್ಪನವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಹುಡುಗಿ ಲಕ್ಷಣವಾಗಿದ್ದಾಳೆ," ಎಂದು ಬೆಂಕಿಗೆ ಒಂದು ಚಮಚ ಎಣ್ಣೆ ಸುರಿದರು.

ಅಷ್ಟರಲ್ಲಿ ಲಿಫ್ಟಿನಿಂದ ನಾಲ್ಕನೇ ಮಹಡಿಯ ಚಂದ್ರಮತಿ ಹೊರಬಂದರು. ಗಂಡನದು ಮೈಲಾಪೂರಿನಲ್ಲೇ ದೇವಸ್ಥಾನದ ಕೊಳದ ಹತ್ತಿರ ಹೋಟೆಲು. ಅಲ್ಲಿನ ತುಪ್ಪದ ದೋಸೆಯ ರುಚಿಯನ್ನು ಮೂವತ್ತು ವರ್ಷ ತಪ್ಪದೆ ಪರೀಕ್ಷಿಸಿದ ಫಲವಾಗಿ, ಅವರು ಹತ್ತಿದರೆ ಲಿಫ್ಟಿನಲ್ಲಿ ಇನ್ನೊಬ್ಬರಿಗೆ ಜಾಗವಿರುತ್ತಿರಲಿಲ್ಲ.

ಆಲ್ಬಮ್ ಕಂಡವರೇ ಚೀರಿದರು. "ಅಯ್ಯೋ ದೇವರೇ! ಅದು ನಾನು ಮಾರಾಯ್ರೆ!"

ಎಲ್ಲರೂ ಚಿತ್ರ ನೋಡಿದರು, ಚಂದ್ರಮತಿಯವರನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ರಚನಾಳ ಸಿಟ್ಟಿಗೆ ಹೋಗಲು ಜಾಗವೇ ಸಿಗಲಿಲ್ಲ.

ಉಳಿದ ಪೆಟ್ಟಿಗೆಗಳನ್ನೂ ಬಿಚ್ಚಿದರು. ಧಾರೆಸೀರೆ, ಹಿತ್ತಾಳೆ ದೀಪ, ಶ್ಯಾವಿಗೆ ಒತ್ತುವ ಮಣೆ, ಎಲ್ಲ ಚಂದ್ರಮತಿಯವರದೇ. ಒಂದಕ್ಕೂ ತೇವ ತಾಗಿರಲಿಲ್ಲ. ಎರಡೂ ಸಂಸಾರ ಈ ಅಪಾರ್ಟ್‌ಮೆಂಟಿಗೆ ಒಂದೇ ವಾರ ಬಂದದ್ದು, ಒಂದೇ ಕಂಪನಿಯ ಲಾರಿ, ಒಂದೇ ನಮೂನೆಯ ಪೆಟ್ಟಿಗೆ, ಅಕ್ಕಪಕ್ಕದ ಗೂಡು. ಇಳಿಸಿದವರು ಅದಲುಬದಲು ಮಾಡಿದ್ದರು.

"ಹಾಗಾದ್ರೆ ನಿಮ್ಮ ಗೂಡಲ್ಲಿರೋದು ನಮ್ದು!" ಶ್ರೀನಾಥ್ ಕುಣಿದ. ರಚನಾಳ ಮುಖ ಅರಳಿತು. "ಬೇಗ ಬೀಗದ ಕೈ ಕೊಡಿ, ಚಂದ್ರಮತಿಯವ್ರೇ."

ಚಂದ್ರಮತಿ ಸೀರೆಯನ್ನು ಎದೆಗೊತ್ತಿಕೊಂಡು ದನಿ ತಗ್ಗಿಸಿದರು. "ಬೀಗ ಎಂತಕ್ಕೆ? ಹೋದ ಮಳೆಗೆ ನೀರು ನುಗ್ಗಿ ಪೂರಾ ಕೊಳೆತು ನಾರ್ತಾ ಇತ್ತಲ್ಲ. ಬಿಚ್ಚಿ ನೋಡ್ಲಿಕ್ಕೂ ಧೈರ್ಯ ಬರ್ಲಿಲ್ಲ, ಕಸದ ಲಾರಿಗೆ ಹಾಕಿಸಿದೆ. ಎರಡು ದಿನ ಅತ್ತದ್ದೇ ಅತ್ತದ್ದು. ಲಾರಿಗೆ ಎತ್ತಲಿಕ್ಕೆ ನೀವೇ ಒಂದು ಕೈ ಹಿಡಿದಿರಿ, ಶ್ರೀನಾಥರೇ. 'ಕೆಳಗೆ ಇಟ್ಟಿಗೆ ಇಡ್ಬೇಕಿತ್ತು' ಅಂತ ಬುದ್ಧಿ ಹೇಳಿದ್ದೂ ನೀವೇ."

ರಚನಾ ಮೆಲ್ಲಗೆ ಇಟ್ಟಿಗೆಯ ರಾಶಿಯ ಮೇಲೆ ಕೂತಳು.

"ಹೋಗ್ಲಿ ಬಿಡಿ," ಎಂದಳು. "ನಮ್ಮ ಗೊಂಬೆಗೆ ಅಂತ ಅವರಾದ್ರೂ ಅತ್ತಿದ್ದಾರೆ."

ಚಂದ್ರಮತಿ ಕಣ್ಣೊರೆಸಿಕೊಂಡು ಹತ್ತಿರ ಬಂದರು. "ಒಂದು ಉಪಕಾರ ಆಗ್ಬೇಕಿತ್ತು. ಮನೆಯಲ್ಲಿ ಪೈಂಟಿಂಗ್ ನಡೀತಾ ಉಂಟು. ಪೊಂಗಲ್ ಕಳಿಯುವ ತನಕ ಇದೆಲ್ಲ ಇಲ್ಲೇ ಇರಲಿ. ನಿಮ್ಮಷ್ಟು ಚಂದ ನೋಡಿಕೊಳ್ಳುವವರು ನಮಗೆ ಇನ್ನೆಲ್ಲಿ ಸಿಗ್ತಾರೆ?"

ಶ್ರೀನಾಥ್ ಹೆಂಡತಿಯ ಮುಖ ನೋಡಿದ. ಅವಳು ಟೇಪಿನ ಸುರುಳಿಯನ್ನು ಅವನ ಕೈಗಿತ್ತಳು. ಅವನು ಮಂಡಿಯೂರಿ ಹರಿದ ಪೆಟ್ಟಿಗೆಯ ತಳ ಅಂಟಿಸತೊಡಗಿದ.

"ರೀ," ಎಂದಳು ರಚನಾ ಎದ್ದು ಹೋಗುತ್ತಾ, "ಆ ಮೂಲೆ ಸ್ವಲ್ಪ ತಗ್ಗು. ಇನ್ನೊಂದು ಇಟ್ಟಿಗೆ ಇಡಿ."