ಬಿಲ್ಡಿಂಗ್ ಬಿದ್ದ ವಾರದ ವಸೂಲಿ

ಇಲ್ಲಿ ಬರೆದ ಒಂದೊಂದು ಮಾತೂ ಸತ್ಯ. ನಮ್ಮ ಬಿಲ್ಡಿಂಗಿನ ಮೇಲೇ ಆಣೆ ಇಡುತ್ತಿದ್ದೆ. ಆದರೆ ಅದರ ಮೇಲೆ ಇನ್ನು ಯಾವ ಭಾರವನ್ನೂ ಇಡಬಾರದೆಂದು ಇಂಜಿನಿಯರರು ಹೇಳಿದ್ದಾರೆ. ಹಾಗಾಗಿ ನನ್ನ ತಲೆಯ ಮೇಲೆ ಆಣೆ.

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನಮ್ಮದು ನಾಲ್ಕು ಮಾಳಿಗೆಯ ಹೌಸಿಂಗ್ ಸೊಸೈಟಿ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಉಪ್ಪು ಮರಳಲ್ಲಿ ಕಟ್ಟಿದ್ದು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿಕೊಂಡು ಸಿಮೆಂಟನ್ನು ಹೊರಗೆ ದಬ್ಬುತ್ತಿತ್ತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಹತ್ತು ಹನ್ನೆರಡು ವರ್ಷ ನಾನೇ ಅದರ ಸೆಕ್ರೆಟರಿ. ಠಾಣೆಯಿಂದ ಕಲ್ಯಾಣದ ತನಕ ಇಂಥ ಸೆಕ್ರೆಟರಿ ಸಿಗಲಿಕ್ಕಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೇಳದವರಿಗೆ ನಾನೇ ಹೇಳುತ್ತೇನೆ. ಈ ಕೆಲಸಕ್ಕೆ ನಿಂತವನಿಗೆ ನಗೆಯ ಪ್ರಸಂಗಗಳು ಬರುತ್ತಲೇ ಇರುತ್ತವೆ. ಯಾರೂ ಸಾಯದಿದ್ದರೆ ಅವತ್ತೇ ನಗಬಹುದು.

ಸಾಂಬಾರಿನ ಕಲ್ಲು

ನಾಲ್ಕನೇ ಮಾಳಿಗೆಯಲ್ಲಿ ಉಡುಪಿ ಕಡೆಯ ಒಬ್ಬರು ಅಕ್ಕ. ಗಂಡ ತೀರಿಕೊಂಡ ಮೇಲೆ ಆಫೀಸಿಗೆ ಹೋಗುವವರಿಗೆ ಊಟದ ಡಬ್ಬಿ ಮಾಡಿಕೊಟ್ಟು ಬದುಕಿದವರು. ಆ ಮನೆಯೊಂದು ಬಿಟ್ಟರೆ ಅವರಿಗೆ ಬೇರೆ ನೆಲೆಯಿಲ್ಲ. ಅವರ ತಲೆಯ ಮೇಲಿನ ಸ್ಲ್ಯಾಬ್ ಮಳೆಗಾಲದಲ್ಲಿ ಸೋರುತ್ತಿತ್ತು, ಬೇಸಗೆಯಲ್ಲಿ ಉದುರುತ್ತಿತ್ತು. ಒಲೆಯ ಮೇಲೆ ಎತ್ತರದಲ್ಲಿ ಹಳೇ ಕೊಡೆಯೊಂದನ್ನು ಬಿಚ್ಚಿ ಕಟ್ಟಿ ಅಡುಗೆ ಮಾಡುತ್ತಿದ್ದರು.

ಒಂದು ದಿನ ನಮ್ಮ ಸೊಸೈಟಿಯ ಖಜಾಂಚಿ ಡಬ್ಬಿ ಹಿಡಿದು ಮೇಲೆ ಹತ್ತಿದರು. ರೈಲ್ವೆಯಿಂದ ರಿಟೈರಾದ ಬಿಜಾಪುರದವರು.

"ಅಕ್ಕಾರ, ಸಾರಿನ್ಯಾಗ ಕಲ್ಲು ಬಂದೈತ್ರಿ. ಹಲ್ಲು ಮುರಿಯೂದೊಂದು ಬಾಕಿ ಇತ್ತು ನೋಡ್ರಿ!"

ಅಕ್ಕ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇದು ಬೇಳೆಯದ್ದಲ್ಲ ಮಾರಾಯ್ರೆ, ಸೊಸೈಟಿಯದ್ದು. ಬಿಸಾಡ್ಬೇಡಿ, ತಗೊಂಡು ಹೋಗಿ. ರಿಪೇರಿ ಫಂಡಿಗೆ ಇಷ್ಟಾದ್ರೂ ಜಮೆ ಆಗ್ಲಿ."

ಮುಟ್ಟದೆ ನೋಡುವುದು

ಅಕ್ಕನ ಬಾಯಿಗೆ ಹೆದರಿ ಇಂಜಿನಿಯರರನ್ನು ಕರೆಸಿದೆ. ಹೆದರಿ ಅಂದರೆ, ಧೈರ್ಯ ಮಾಡಿ. ಬಂದವರೇ ಚೀಲದಿಂದ ಸಣ್ಣ ಸುತ್ತಿಗೆ ತೆಗೆದು ಮೆಟ್ಟಿಲ ಬುಡದ ಕಂಬಕ್ಕೆ ಟಕ್ ಅಂತ ಬಡಿದರು. ಹಿಟ್ಟು ಕಲಸುವ ಪರಾತದಷ್ಟು ಅಗಲದ ಪ್ಲಾಸ್ಟರ್ ಕೆಳಗೆ ಬಿತ್ತು. ಪಕ್ಕದ ಕಂಬಕ್ಕೆ ಇನ್ನೊಂದು ಟಕ್, ಇನ್ನೊಂದು ಪರಾತ.

ಗ್ರೌಂಡ್ ಫ್ಲೋರಿನ ಮರಾಠಿ ಕಾಕಾ, ಅಂದರೆ ನಮ್ಮ ಚೇರ್ಮನ್, ಬನಿಯನ್ನಿನಲ್ಲೇ ಓಡಿಬಂದರು. "ಅಹೋ ಸಾಹೇಬ್! ನೀವು ಬರುವ ತನಕ ಬಿಲ್ಡಿಂಗ್ ಚೆನ್ನಾಗಿಯೇ ಇತ್ತು!"

ಮೆಟ್ಟಿಲ ಮೇಲೆಯೇ ಕಮಿಟಿ ಸೇರಿ ಠರಾವು ಪಾಸಾಯಿತು: ಇಂಜಿನಿಯರರು ಕಟ್ಟಡವನ್ನು ಕಣ್ಣಿನಿಂದ ಮಾತ್ರ ಪರೀಕ್ಷಿಸತಕ್ಕದ್ದು, ಕೈ ತಾಗಿಸಕೂಡದು.

ಅವರು ಸುತ್ತಿಗೆ ಒಳಗಿಟ್ಟು, ಗೇಟು ದಾಟಿ, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಬರೆಯತೊಡಗಿದರು. ನನಗೆ ಪಾಪ ಅನ್ನಿಸಿ, "ಒಳಗೆ ಬನ್ನಿ ಸಾರ್, ಚಾ ಕುಡಿಯುವಾ" ಎಂದು ಕೂಗಿದೆ.

"ಚಾ ಇಲ್ಲಿಗೇ ಕಳಿಸಿ" ಅಂದರು.

ನೋಟಿಸ್ ಬೋರ್ಡು

ಮೇಲಿನ ಸ್ಲ್ಯಾಬನ್ನು ಕೂಡಲೇ ರಿಪೇರಿ ಮಾಡಿ, ಮುಂದಿನ ಇಪ್ಪತ್ತು ವರ್ಷದ ರಿಪೇರಿಗೆ ಪ್ರತಿ ಮನೆಯವರೂ ತಿಂಗಳು ತಿಂಗಳು ಫಂಡು ಕಟ್ಟಿ ಎಂದು ವರದಿ ಬಂತು.

"ಇಪ್ಪತ್ತು ವರ್ಷಕ್ಕೆ ನಾನು ಗೋಡೆ ಮೇಲಿನ ಫೋಟೋ" ಅಂದರು ಎರಡನೇ ಮಾಳಿಗೆಯ ಅಜ್ಜ. "ಗೋಡೆಯ ಚಿಂತೆ ನನಗ್ಯಾಕೆ?"

ಚೇರ್ಮನ್ ಕಾಕಾ, "ಗ್ರೌಂಡ್ ಫ್ಲೋರಿಗೆ ಮಳೆ ಬರುವುದೇ ಇಲ್ಲ. ಸೋರುವವರು ಕಟ್ಟಲಿ" ಅಂದರು.

ಆಗ ನನ್ನ ಬುದ್ಧಿ ಓಡಿತು. ಎಲ್ಲಾದರೂ ಹಳೇ ಕಟ್ಟಡ ಕುಸಿದ ಸುದ್ದಿ ಬಂದ ವಾರ ಜನ ಕೇಳದೆಯೇ ಬಂದು ಫಂಡು ಕಟ್ಟುವುದನ್ನು ಗಮನಿಸಿದ್ದೆ. ಪೇಪರಿನ ಫೋಟೋ ಕತ್ತರಿಸಿ ನೋಟಿಸ್ ಬೋರ್ಡಿಗೆ ಚುಚ್ಚತೊಡಗಿದೆ. ಫೋಟೋ ಹಳದಿಯಾಗುವ ತನಕ ವಸೂಲಿ ಜೋರು, ಆಮೇಲೆ ಮತ್ತೆ ತಣ್ಣಗೆ. ಸುತ್ತಮುತ್ತಲಿನ ಸೊಸೈಟಿಗಳೆಲ್ಲ ನನ್ನಿಂದ ಈ ವಿದ್ಯೆ ಕಲಿತವು.

ಖಜಾಂಚಿ ಬೆಳಿಗ್ಗೆ ಹಾಲಿಗೆ ಹೋಗುವಾಗ ಕೇಳುತ್ತಿದ್ದರು: "ಸೆಕ್ರೆಟರಿ ಸಾಹೇಬ್ರ, ಇವತ್ತೇನರ ಬಿತ್ತೇನ್ರಿ?"

"ಇಲ್ಲ."

"ಛೇ!" ಅಂದು, ತಮ್ಮ ಬಾಯನ್ನು ತಾವೇ ಮುಚ್ಚಿಕೊಳ್ಳುತ್ತಿದ್ದರು.

ಅಕ್ಕ ಒಮ್ಮೆ ಬೋರ್ಡಿನ ಮುಂದೆ ನಿಂತು ಒಂದೊಂದೇ ಫೋಟೋ ನೋಡಿದರು. "ಸೆಕ್ರೆಟರಿಯವರೇ, ಊರಲ್ಲಿ ಸತ್ತವರೆಲ್ಲ ನಮ್ಮ ಫಂಡಿಗೆ ಕೊಟ್ಟಾಯ್ತು. ಬದುಕಿದ್ದವರು ಯಾವಾಗ ಕೊಡುದು?"

ಜನರಲ್ ಬಾಡಿ

ಹೀಗೆ ಸೇರಿದ ಫಂಡು ಒಂದು ಕೆಲಸಕ್ಕೆ ಸಾಲುವಷ್ಟಾಯಿತು. ಭಾನುವಾರ ಮಧ್ಯಾಹ್ನ ಕಂಪೌಂಡಿನಲ್ಲಿ ಮೀಟಿಂಗು. ಅಕ್ಕನ ಸ್ಲ್ಯಾಬೋ, ಹೊರಗಿನ ಬಣ್ಣವೋ ಎಂಬುದೇ ಪ್ರಶ್ನೆ. ಮೂರನೇ ಮಾಳಿಗೆಯಲ್ಲಿ ಹೆಣ್ಣು ನೋಡಲು ಬರುವವರಿದ್ದರು. ಹೆಚ್ಚಿನವರು ಬಣ್ಣದ ಕಡೆ.

ಅಕ್ಕ ಮಾತಿಗೆ ನಿಂತರು. ನಿಂತವರು ನಿಲ್ಲಿಸಲಿಲ್ಲ. ಜನರನ್ನು ಸಂಭಾಳಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಮೆಲ್ಲಗೆ ಹೇಳಿದೆ, "ಅಕ್ಕಾ, ಸಾಕು. ಊಟ ಆಗಿದೆ, ಬಿಸಿಲೂ ಉಂಟು. ಮೇಲೆ ಹೋಗಿ ಸ್ವಲ್ಪ ಮಲಗಿ."

"ಎಂತ ಮಲಗುದು? ಠರಾವು ಆಗದೆ ನಾನು ಇಲ್ಲಿಂದ ಹಂದುದಿಲ್ಲ!"

"ಕಾಹೀ ಪಡತ್ ನಾಹೀ!" ಎಂದು ಚೇರ್ಮನ್ ಮೇಜು ಕುಟ್ಟಿದರು. "ಇಷ್ಟು ವರ್ಷ ಬೀಳದ್ದು ಈಗ ಏನು ಬೀಳುತ್ತದೆ?"

ಧಡಾರ್ ಅಂತ ಶಬ್ದ. ನಾಲ್ಕನೇ ಮಾಳಿಗೆಯ ಕಿಟಕಿಯಿಂದ ಬಿಳಿ ಧೂಳು ಹೊರಬಂತು.

ಎಲ್ಲರೂ ಮೇಲೆ ಓಡಿದೆವು. ಅಕ್ಕನ ಮಂಚ ಎರಡು ತುಂಡು. ದಿಂಬು ಇದ್ದಲ್ಲಿ ಸ್ಲ್ಯಾಬು, ಸ್ಲ್ಯಾಬು ಇದ್ದಲ್ಲಿ ಆಕಾಶ. ಅಕ್ಕ ಅದನ್ನು ನೋಡಿ ನನ್ನ ಕಡೆ ತಿರುಗಿದರು.

"ಸೆಕ್ರೆಟರಿಯವರೇ, ಮಲಗ್ಲಿಕ್ಕೆ ಹೇಳಿದ್ದು ನೀವೇ ಅಲ್ವಾ?"

ಅಷ್ಟರಲ್ಲಿ ಪಕ್ಕದ ಸೊಸೈಟಿಯ ಸೆಕ್ರೆಟರಿ ಏದುಸಿರು ಬಿಡುತ್ತ ಹತ್ತಿ ಬಂದರು. ಅಕ್ಕನಿಗೆ ಕೈ ಮುಗಿದರು, ಕಣ್ಣೊರೆಸಿಕೊಂಡರು, ಜೇಬಿನಿಂದ ಕ್ಯಾಮೆರಾ ತೆಗೆದರು. "ತಪ್ಪು ತಿಳಿಯಬೇಡಿ. ನಮ್ಮ ನೋಟಿಸ್ ಬೋರ್ಡಿಗೆ."

ನಮ್ಮ ಫೋಟೋ ಚುಚ್ಚಿದ್ದೇ ಅವರ ಫಂಡು ಭರ್ತಿ. ವರ್ಷದೊಳಗೆ ಅವರ ಬಿಲ್ಡಿಂಗ್ ಹೊಸ ಪ್ಲಾಸ್ಟರಿನಲ್ಲಿ ಥಳಥಳ. ಕೃತಜ್ಞತೆಗೆಂದು ನಮಗೆ ಒಂದು ಡಬ್ಬ ಪೇಢೆ ಕಳಿಸಿದರು. ಅದನ್ನು ನೋಡಿ ನಮ್ಮವರಿಗೂ ಬುದ್ಧಿ ಬಂತು; ನಮ್ಮ ರಿಪೇರಿಯೂ ಮುಗಿಯಿತು. ಅಕ್ಕ ಈಗ ಹೊಸ ಸ್ಲ್ಯಾಬಿನ ಕೆಳಗೆ ನೆಮ್ಮದಿಯಾಗಿ ಮಲಗುತ್ತಾರೆ.

ಒಂದೊಂದು ಮಾತೂ ಸತ್ಯ ಅಂದೆನಲ್ಲ, ಒಂದೇ ಒಂದು ಸಣ್ಣ ವಿವರ ನಾನು ಸೇರಿಸಿದ್ದು: ನಮ್ಮ ರಿಪೇರಿ. ಪೇಢೆ ನಿಜ. ಇದ್ದ ಫಂಡು ಬಣ್ಣಕ್ಕೇ ಹೋಯಿತು. ಅಕ್ಕ ಮಲಗುವುದು ಮೊದಲ ಮಾಳಿಗೆಯ ನಮ್ಮ ಮನೆಯ ಹಾಲ್‌ನಲ್ಲಿ. ದಿನಾ ಚಾಪೆ ಬಿಡಿಸುವ ಮುಂಚೆ ತಲೆಯೆತ್ತಿ ನಮ್ಮ ಸ್ಲ್ಯಾಬನ್ನು ನೋಡಿ ಕೇಳುತ್ತಾರೆ: "ಇದರ ಮೇಲಿನ ಅಜ್ಜ ಈ ತಿಂಗಳು ಫಂಡು ಕಟ್ಟಿದ್ದಾರಾ?"