ಸೀಮೆ ಕುರ್ಚಿಗೆ ಹರಳೆಣ್ಣೆ

ನಮ್ಮೂರು ಕೊಂಬೈಯ ಒಕ್ಕಲಿಗರಲ್ಲಿ ತೊಗಲಿನ ಕುರ್ಚಿಯ ಮೇಲೆ ಕೂರುವ ಮೊದಲಿಗ ನಾನೇ ಆಗಬೇಕು! ಈ ಮಹಾಸಂಕಲ್ಪ ನನ್ನಲ್ಲಿ ಹುಟ್ಟಿದ್ದು ಪೆರಿಯಾರ್ ಹೊಳೆಗೆ ಅಣೆಕಟ್ಟು ಕಟ್ಟುತ್ತಿದ್ದ ಬೆಟ್ಟದ ಮೇಲೆ. ಅಲ್ಲಿಗೆ ನಾನು ಗಾಡಿಯಲ್ಲಿ ಅಕ್ಕಿಮೂಟೆ ಹೊಡೆಯುತ್ತಿದ್ದೆ. ಗುಡಾರದೊಳಗೆ ಬಿಳಿ ದೊರೆಯೊಬ್ಬ ಕಂದು ತೊಗಲಿನ ಕುರ್ಚಿಗೆ ಒರಗಿ ಕೂತಿದ್ದ. ಹೊರಗೆ ಜಡಿಮಳೆ, ಒಳಗೆ ಜಿಗಣೆ, ಮೈಯಲ್ಲಿ ಚಳಿಜ್ವರ, ಆದರೂ ಏನು ಗತ್ತು! ಅದೆಲ್ಲ ಕುರ್ಚಿಯ ಮಹಿಮೆ ಎಂದು ನನಗೆ ಕಂಡಕೂಡಲೇ ಹೊಳೆಯಿತು.

ಗತ್ತು ನನಗೆ ತುರ್ತಾಗಿ ಬೇಕಿತ್ತು. ಮಗಳು ಮುತ್ತುಮಾರಿಯನ್ನು ಕೇಳಲು ಕಂಬಂನಿಂದ ಚಿನ್ನತಂಬಿ ಗೌಡರು ಬರುವವರಿದ್ದರು. ಅವರ ಮಗ ಚಿನ್ನದಂಥವನು, ಮಗಳಿಗೂ ಮನಸ್ಸಿತ್ತು. ಗೌಡರು ಮಾತ್ರ ಭಾರಿ ಆಸಾಮಿ. ಅವರ ಮನೆಯ ಎತ್ತುಗಳ ತೊಡೆಯ ಮೇಲೆ ಕಾಯಿಸಿ ಹಾಕಿದ ಬರೆ, ಅಂದರೆ ಅರ್ಧಚಂದ್ರ, ಅದರ ಕೆಳಗೊಂದು ಚುಕ್ಕಿ, ಕಣಿವೆಗೆಲ್ಲ ಗೊತ್ತು. ಅವರ ಜಂಬವೂ ಕಣಿವೆಗೆಲ್ಲ ಗೊತ್ತು: "ನಮ್ಮನೆ ಎತ್ತು ಮುದಿ ಆದ್ರೆ ಸಂತೆಗೆ ಹೋಗಲ್ಲ. ತಂಬಿರಾನ್ ದೊಡ್ಡಿಗೆ ಹೋಗ್ತದೆ!" ತಂಬಿರಾನ್ ದೊಡ್ಡಿಯೆಂದರೆ ನಮ್ಮವರ ದೇವರ ದನಗಳ ದೊಡ್ಡಿ. ಅಲ್ಲಿ ಸತ್ತ ದನವನ್ನು ಅರಿಶಿನ ಕುಂಕುಮ ಹಚ್ಚಿ, ಮೇಳ ಊದಿಸಿ ಹೂಳುತ್ತೇವೆ. ತೊಗಲು ಸುಲಿಯುವ ಮಾತೇ ಇಲ್ಲ.

ಹೊಗೆಸೊಪ್ಪು ಮಾರಲು ದಿಂಡಿಗಲ್ಲಿಗೆ ಹೋದವನು ಕುರ್ಚಿಯೊಂದಿಗೆ ಬಂದೆ. ಹೆಂಡತಿ ವೀರಮ್ಮಾಳ್ ಅದರ ಸುತ್ತ ಒಂದು ಸುತ್ತು ಬಂದಳು.

"ಏನುಂಗ, ಈ ನಾರ್ಕಾಲಿ ಯಾಕೆ?"

"ಗೌಡ್ರು ಕೂತ್ಕೊಳ್ಳೋಕೆ! ಆಮೇಲೆ ನಾನು!"

"ಸಂಬಂಧದ ಮಾತು ನಮ್ಮೋರು ಕಂಬಳಿ ಮೇಲೆ ಅಲ್ವಾ ಆಡೋದು? ನಿಮ್ಮಪ್ಪ ನನ್ನ ಕೇಳೋಕೆ ಬಂದಾಗ ಕಂಬಳಿ ಮೇಲೇ ಕೂತಿದ್ರು."

"ಅದಕ್ಕೇ ನನ್ನ ಗತಿ ಹಿಂಗಾಗಿದೆ! ಇದು ಸೀಮೆ ತೊಗಲು ಕಣೇ. ಮುಟ್ಟಿ ನೋಡು. ಒಂದು ಗೀರಿಲ್ಲ, ಒಂದು ಕಲೆ ಇಲ್ಲ!"

ಅವಳು ಮುಟ್ಟಿ ನೋಡಿದಳು. "ಗೀರಿಲ್ಲದ ದನ ಎಲ್ಲೈತೆ? ಬೇಲಿ ಮುಳ್ಳು ತರಚದೆ, ಉಣ್ಣಿ ಕಚ್ಚದೆ, ಇದೇನು ತೊಟ್ಟಿಲಲ್ಲಿ ಮಲಗಿತ್ತಾ?"

ಅಂಗಡಿಯವನು ನಿಜ ಹೇಳಿದ್ದ, ಪಾಪ. ಕಲೆಬಿದ್ದ ತೊಗಲಿನ ಮೇಲ್ಮೈಯನ್ನು ಸವರಿ ತೆಗೆದು, ಗುಳಿಗಳಿಗೆ ಮೇಣದಂಥದ್ದು ಮೆತ್ತಿ, ದಪ್ಪ ಬಣ್ಣ ಬಳಿದು, ಕಾದ ಅಚ್ಚಿನಿಂದ ಹೊಸ ಗೆರೆ ಒತ್ತುತ್ತಾರಂತೆ. ನಮ್ಮ ಕಡೆಯ ತೊಗಲೇ ಹಡಗು ಹತ್ತಿ ಸೀಮೆಗೆ ಹೋಗಿ, ಮುಖ ತಿದ್ದಿಸಿಕೊಂಡು ವಾಪಸು ಬರುವುದೂ ಉಂಟಂತೆ. "ಒಣಬಟ್ಟೆಲಿ ಒರೆಸಿ ಸಾಮಿ, ಸಾಕು. ಎಣ್ಣೆ ಮಾತ್ರ ಬೇಡ" ಎಂದೂ ಹೇಳಿದ್ದ.

ಎಣ್ಣೆ ಬೇಡವೇ? ಯಾರಿಗೆ ಹೇಳುತ್ತಾನೆ! ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಿನ ಚೀಲಕ್ಕೆ ಹರಳೆಣ್ಣೆ ತಿಕ್ಕಿ ತಿಕ್ಕಿ ಬೆಳೆದ ಕೈ ನನ್ನದು. ಎಣ್ಣೆ ಕುಡಿಯದ ತೊಗಲನ್ನು ನಾನು ಕಂಡಿಲ್ಲ.

ಗೌಡರು ಬರುವ ದಿನ ಬೆಳಗ್ಗೆ ಒಂದು ಸೊಲಿಗೆ ಹರಳೆಣ್ಣೆ ಸುರಿದು ತಿಕ್ಕಿದೆ. ಕುರ್ಚಿ ಕುಡಿಯಲಿಲ್ಲ! ಎಣ್ಣೆ ಮೇಲೆಯೇ ನಿಂತು ನನ್ನನ್ನು ನೋಡಿತು. ಕುರ್ಚಿಗೆ ನಾಚಿಕೆ ಇರಬೇಕೆಂದು ಬಿಸಿಲಿಗಿಟ್ಟು ಇನ್ನಷ್ಟು ತಿಕ್ಕಿದೆ. ಅಂಟಂಟಾಯಿತು. ಅಂಟು ಬಿಡಿಸಲು ಬಿಸಿನೀರು ಹಾಕಿದೆ. ಬಿಸಿನೀರಿನ ಜಿಡ್ಡು ಬಿಡಿಸಲು ಸೀಗೆಪುಡಿ ಹಾಕಿದೆ. ನನ್ನ ಅಂಗೈ ಕಂದಾಯಿತು!

"ಕುರ್ಚಿಗೆ ಎಣ್ಣೆಸ್ನಾನ ಆಯ್ತಾ? ಸಾಂಬ್ರಾಣಿನೂ ಹಾಕ್ಲಾ?" ವೀರಮ್ಮಾಳ್ ಒಳಗಿನಿಂದ ಕೂಗಿದಳು. ಉತ್ತರ ಕೊಡುವಷ್ಟರಲ್ಲಿ ಬಾಗಿಲಲ್ಲಿ ಗಾಡಿಯ ಗೆಜ್ಜೆ ಕೇಳಿಸಿತು.

ಚಿನ್ನತಂಬಿ ಗೌಡರು ಮಲ್ಲಿಗೆಯಂಥ ಬಿಳಿ ಪಂಚೆಯುಟ್ಟು ಇಳಿದರು. ಕುರ್ಚಿಯನ್ನು ನೋಡಿ ಹುಬ್ಬೇರಿಸಿದರು. "ಕಂಬಳಿ ಇಲ್ವಾ? ಏನಪ್ಪಾ ಗುರುಸಾಮಿ, ಇದು ಯಾವ ತೊಗಲು?"

"ಸೀಮೆ ತೊಗಲು ಮಾಮಾ! ನಮ್ಮ ದನಕ್ಕೂ ಇದಕ್ಕೂ ಸಂಬಂಧವೇ ಇಲ್ಲ!"

ಕೂತರು. ಹೆಣ್ಣು ಬಂದು ನಮಸ್ಕಾರ ಮಾಡಿ ಹೋದಳು. ಗೌಡರು ತಮ್ಮ ಮನೆತನದ ಕಥೆ ಶುರು ಮಾಡಿದರು. ತಂಬಿರಾನ್ ದೊಡ್ಡಿಗೆ ಕೊಟ್ಟ ಎತ್ತುಗಳ ಭಾಗ ಬಂದಾಗ ಆವೇಶದಿಂದ ಎದ್ದರು. ಕುರ್ಚಿಯೂ ಎದ್ದಿತು!

ನಾನು ಕುರ್ಚಿಯ ಕಾಲು ಹಿಡಿದು ಜಗ್ಗಿದೆ. ಪರ್‍ರ್ ಎಂದು ಬಿಟ್ಟಿತು. ಗೌಡರ ಪಂಚೆಯ ಹಿಂದೆ ಕುರ್ಚಿಯ ಅರ್ಧ ಬಣ್ಣ ಮೆತ್ತಿಕೊಂಡಿತ್ತು. ಮದುವೆ ಮುರಿಯಿತು, ಮಗಳಿಗೆ ಏನು ಮುಖ ತೋರಿಸಲಿ ಎಂದು ನನಗೆ ಅಳುವೇ ಬಂತು. ಆದರೆ ಗೌಡರು ಪಂಚೆ ನೋಡಿಕೊಳ್ಳಲೇ ಇಲ್ಲ. ಅವರು ಕುರ್ಚಿಯನ್ನು ನೋಡುತ್ತಿದ್ದರು. ಬಣ್ಣ ಕಿತ್ತುಬಂದ ಜಾಗದಲ್ಲಿ, ಮೆತ್ತಿದ್ದು ಉದುರಿ, ಒಂದು ಹಳೇ ಬರೆ ಎದ್ದು ಕಾಣುತ್ತಿತ್ತು. ಅರ್ಧಚಂದ್ರ. ಚುಕ್ಕಿ ಮಾತ್ರ ಕೆಳಗಿರದೆ ಪಕ್ಕಕ್ಕೆ ಜಾರಿತ್ತು.

"ಮಯಿಲೆ..." ಎಂದರು ಗೌಡರು ಸಣ್ಣ ದನಿಯಲ್ಲಿ. "ಬರೆ ಹಾಕೋವಾಗ ಒದ್ದಿದ್ದ, ಚುಕ್ಕಿ ಜಾರ್‍ತು. ಒಳ್ಳೇ ಎತ್ತು. ಮುದಿ ಆದ ವರ್ಷ ಸಂತೇಲಿ..." ಅವರ ಕೈ ಆ ಬರೆಯ ಮೇಲಿತ್ತು. ಕಣ್ಣು ಒದ್ದೆಯಾಗಿತ್ತು.

"ಅಂದ್ರೆ ಮಾಮಾ, ದೊಡ್ಡಿಗೆ ಕೊಟ್ಟೆ ಅಂದಿದ್ದು..." ನನ್ನ ಬಾಯಿ ತೆರೆದಿತ್ತು. ವೀರಮ್ಮಾಳ್ ನನ್ನ ತೋಳನ್ನು ಚಿವುಟಿದ ರಭಸಕ್ಕೆ ಅದು ತಾನೇ ಮುಚ್ಚಿತು.

"ಅಣ್ಣಾ, ಅದು ಬರೀ ಎಣ್ಣೆ ಕಲೆ" ಎನ್ನುತ್ತ ಅವಳು ಕಂಬಳಿ ತಂದು ಹಾಸಿದಳು. "ಇಲ್ಲಿ ಕೂತ್ಕೊಳ್ಳಿ. ಮಜ್ಜಿಗೆ ತರ್ತೀನಿ."

ಗೌಡರು ಕಂಬಳಿಯ ಮೇಲೆ ಕೂತು, ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. "ಇಂಥ ತಾಯಿ ಹೊಟ್ಟೇಲಿ ಹುಟ್ಟಿದ ಹೆಣ್ಣು ನಮ್ಮನೆಗೆ ಬೇಕು. ಆಯ್ತು ಸಂಬಂದಿ, ತಾಂಬೂಲ ತಗೊಳ್ಳೋಣ. ಆದ್ರೆ ಆ ನಾರ್ಕಾಲಿನ ಇವತ್ತೇ ನನ್ನ ಗಾಡಿಗೆ ಹಾಕ್ಸಿ."

"ಕುರ್ಚಿನಾ? ನಾನಿನ್ನೂ ಒಂದ್ಸಲವೂ ಕೂತಿಲ್ಲ ಮಾಮಾ!" ಎಂದೆ. ಇನ್ನೊಂದು ಚಿವುಟು ಬಿತ್ತು. ಕುರ್ಚಿ ಗಾಡಿ ಹತ್ತಿತು.

ಮರುದಿನ ಕಂಬಂನಿಂದ ಕರೆ ಬಂತು. ಬೀಗನಾದ ಮೇಲೆ ಹೋಗದಿರಲಾಗುತ್ತದೆಯೇ? ತಂಬಿರಾನ್ ದೊಡ್ಡಿಯ ಪಕ್ಕದಲ್ಲಿ ಗುಂಡಿ ತೋಡಿದ್ದರು. ಕುರ್ಚಿಗೆ ಅರಿಶಿನ ಕುಂಕುಮ, ನಾಲ್ಕು ಕಾಲಿಗೂ ಹೂವಿನ ಸರ! ಮುಂದೆ ಮೇಳ, ನಡುವೆ ಗೌಡರು, ಹಿಂದೆ ತಲೆ ತಗ್ಗಿಸಿಕೊಂಡು ನಾನು. ಕೊಂಬೈಯ ಮೊದಲ ಕುರ್ಚಿಗೆ ನನ್ನ ಕೈಯಾರೆ ಮೂರು ಹಿಡಿ ಮಣ್ಣು ಹಾಕಿದೆ. ಗೌಡರು ನನ್ನ ಹೆಗಲಿಗೆ ಒರಗಿ ಅತ್ತರು. ನಾನೂ ಅತ್ತೆ. ಅವರು ಎತ್ತಿಗಾಗಿ ಅತ್ತರು, ನಾನು ಕುರ್ಚಿಗಾಗಿ.

ಸಂಜೆ ಮನೆಗೆ ಬಂದು ಹೊಸ್ತಿಲಿಗೆ ಕಾಲಿಟ್ಟಿದ್ದೇ ತಡ, ಒಳಗಿನಿಂದ ವೀರಮ್ಮಾಳ್ ಕೂಗಿದಳು:

"ಅಲ್ಲೇ ನಿಲ್ಲಿ! ಸಾವಿಗೆ ಹೋಗಿ ಬಂದೋರು ತಲೆಗೆ ನೀರು ಹಾಕ್ಕೊಳ್ದೆ ಒಳಗೆ ಬರ್ಬೇಡಿ. ಹಿತ್ತಲಲ್ಲಿ ಬಿಸಿನೀರು, ಸೀಗೆಪುಡಿ ಇಟ್ಟಿದೀನಿ. ಹರಳೆಣ್ಣೆನೂ ಮಿಕ್ಕೈತೆ!"